ಪಾನಗೋಷ್ಠಿ ಮನೆಗೆ ಬಂದ ಕಥೆ

ಹಳಗನ್ನಡ ಕಾವ್ಯವನ್ನು ತರಗತಿಯಲ್ಲಿ ಓದಿದವರಿಗೆ ಅಷ್ಟಾದಶ ವರ್ಣನೆಗಳ ಪಟ್ಟಿ ನೆನಪಿರಬಹುದು. ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನವಿಹಾರ, ಜಲಕ್ರೀಡೆ ಎಂದು ಸಾಗುವ ಆ ಪಟ್ಟಿಯಲ್ಲಿ ಮಧುಪಾನವೂ ಒಂದು. ಅದರ ಮಗ್ಗುಲಲ್ಲೇ ಪ್ರಣಯದ ಪ್ರಸಂಗ. ಮಹಾಕಾವ್ಯಕ್ಕೆ ಇವೆಲ್ಲ ಇರಬೇಕೆಂದು ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಹೇಳಿದ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯ ವರ್ಣನೆ ಬರುತ್ತದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಕ್ರೀಡೆಗಳಲ್ಲಿ ಮದಿರಾಪಾನವನ್ನೂ ಸೇರಿಸಿದೆ.

ಇದೆಲ್ಲ ಅರಮನೆಯ ಮತ್ತು ಕಾವ್ಯದ ಮಾತು. ನಮ್ಮ ದಿನನಿತ್ಯದ ಕನ್ನಡದಲ್ಲಿ ‘ಕುಡಿತ’ ಎಂಬ ಪದಕ್ಕೆ ಬೇರೆಯೇ ವಾಸನೆ ಇದೆ. ‘ಅವನು ಕುಡೀತಾನೆ’ ಎಂದರೆ ಏನನ್ನು ಎಂದು ಯಾರೂ ಕೇಳುವುದಿಲ್ಲ. ಆ ಎರಡೇ ಪದಗಳಲ್ಲಿ ಮನೆ ಸೇರದ ಕೂಲಿ, ಅಡವಿಟ್ಟ ಓಲೆ, ಬಾಗಿಲ ಬಳಿ ಕಾಯುವ ಹೆಂಗಸು ಎಲ್ಲರೂ ಇದ್ದಾರೆ. ನಮ್ಮ ಬಹುಪಾಲು ಮನೆಗಳಲ್ಲಿ ಮದ್ಯವೆಂಬುದು ಗಂಡಸು ಹೊರಗೆ ಹೋಗಿ ಕುಡಿಯುವ, ಹೆಂಗಸು ಒಳಗೆ ಕುಳಿತು ಅನುಭವಿಸುವ ವಸ್ತುವಾಗಿಯೇ ಉಳಿದಿತ್ತು.

ಇಂದು ಬೆಂಗಳೂರಿನ ಕೆಲವು ಫ್ಲ್ಯಾಟುಗಳಲ್ಲಿ, ಹೊರದೇಶಗಳಲ್ಲಿ ನೆಲೆಸಿದ ನಮ್ಮವರ ಕೆಲವು ಮನೆಗಳಲ್ಲಿ ಇನ್ನೊಂದು ದೃಶ್ಯ ಕಾಣುತ್ತದೆ. ವಾರವೆಲ್ಲ ದುಡಿದ ಗಂಡಹೆಂಡಿರು ಶನಿವಾರದ ಒಂದು ಸಂಜೆಯನ್ನು ತಮ್ಮಿಬ್ಬರಿಗೆಂದೇ ಮೀಸಲಿಡುತ್ತಾರೆ. ಇಂಗ್ಲಿಷಿನವರು ಇದಕ್ಕೆ ‘ಡೇಟ್ ನೈಟ್’ ಎನ್ನುತ್ತಾರೆ. ಒಬ್ಬರು ನಿಂಬೆಹಣ್ಣು ಹಿಂಡುತ್ತಾರೆ, ಇನ್ನೊಬ್ಬರು ಐಸ್ ತೆಗೆಯುತ್ತಾರೆ. ಇಬ್ಬರೂ ಸೇರಿ ಒಂದು ಕಾಕ್‌ಟೇಲ್ ತಯಾರಿಸುತ್ತಾರೆ. ಮೇಲುನೋಟಕ್ಕೆ ಇದು ಸಿನಿಮಾ ನೋಡಿ ಕಲಿತ ಶೋಕಿ ಎನಿಸಬಹುದು. ಆದರೆ ಈ ಪದ್ಧತಿ ಹುಟ್ಟಿದ ಬಗೆ ಸೋಜಿಗದ್ದು. ಗಂಡು ಹೆಣ್ಣು ಮನೆಯೊಳಗೆ ಒಟ್ಟಿಗೆ ಕೂತು ಪಾನೀಯ ಬೆರೆಸುವ ವಾಡಿಕೆ ಮಧ್ಯಮವರ್ಗಕ್ಕೆ ಬಂದು ಸುಮಾರು 100 ವರ್ಷಗಳಾದವಷ್ಟೆ. ಅದನ್ನು ಬೆಳೆಸಿದ್ದರಲ್ಲಿ ದೊಡ್ಡ ಪಾಲು ಮದ್ಯವನ್ನು ನಿಷೇಧಿಸಿದ ಒಂದು ಕಾನೂನಿನದು.

ಐದು ಸೇರಿದರೆ ಪಂಚ್

ಬೆರಕೆ ಪಾನೀಯದ ಚರಿತ್ರೆ ಅಮೆರಿಕದಲ್ಲಿ ಆರಂಭವಾಗುವುದಿಲ್ಲ. ಅದರ ಒಂದು ಬೇರು ಭಾರತದಲ್ಲೇ ಇದೆ. ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬ 1632ರಲ್ಲಿ ಬರೆದ ಪತ್ರದಲ್ಲಿ ‘ಪಂಚ್’ ಎಂಬ ಪಾನೀಯದ ಹೆಸರು ಬರುತ್ತದೆ. ಇಲ್ಲಿನ ಅರಕ್ಕು, ಸಕ್ಕರೆ, ನಿಂಬೆಯ ಹುಳಿ, ನೀರು ಮತ್ತು ಸಾಂಬಾರ ಪದಾರ್ಥ, ಹೀಗೆ ಐದು ಸೇರಿದ್ದರಿಂದ ‘ಪಂಚ’ ಎಂಬ ನಮ್ಮ ಸಂಖ್ಯೆಯೇ ‘ಪಂಚ್’ ಆಯಿತೆಂಬುದು 17ನೇ ಶತಮಾನದಿಂದಲೂ ಬಂದಿರುವ ವಿವರಣೆ. ಪೀಪಾಯಿಯೊಂದರ ಇಂಗ್ಲಿಷ್ ಹೆಸರಿನಿಂದ ಬಂದದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ಹೆಸರಿನ ಜಗಳ ಏನೇ ಇರಲಿ, ಹಡಗಿನವರು ಈ ಪಾನೀಯವನ್ನು ಲಂಡನ್ನಿಗೂ ಅಲ್ಲಿಂದ ಅಮೆರಿಕಕ್ಕೂ ಒಯ್ದರು.

ರಾಮನವಮಿಯ ಪಾನಕ ಕುಡಿದವರಿಗೆ ಇದರ ಲೆಕ್ಕ ಹೊಸದಲ್ಲ. ಬೆಲ್ಲದ ಸಿಹಿ, ನಿಂಬೆಯ ಹುಳಿ, ಶುಂಠಿ ಮೆಣಸಿನ ಖಾರ, ಏಲಕ್ಕಿಯ ಘಮ, ಎಲ್ಲವನ್ನೂ ಹಿಡಿದಿಡುವ ನೀರು. ಪಂಚ್ ಎಂದರೆ ಇದೇ ಲೆಕ್ಕಕ್ಕೆ ಮದ್ಯ ಸೇರಿಸಿದ್ದು. ಅದನ್ನು ದೊಡ್ಡ ಬೋಗುಣಿಯಲ್ಲಿ ಕಲಸಿ ಹತ್ತಾರು ಜನ ಸುತ್ತ ಕೂತು ಹಂಚಿಕೊಳ್ಳುತ್ತಿದ್ದರು. ಅದು ಗುಂಪಿನ ಪಾನೀಯ.

ಒಬ್ಬೊಬ್ಬರಿಗೆ ಒಂದೊಂದು ಲೋಟದಂತೆ ಬೆರೆಸುವ ಪದ್ಧತಿ ಆಮೇಲೆ ಬಂತು. ಕಾಕ್‌ಟೇಲ್ ಎಂದರೆ ಅಕ್ಷರಶಃ ಹುಂಜದ ಬಾಲ. ಆ ಹೆಸರಿಗೆ ಹತ್ತಾರು ಕಥೆಗಳಿವೆ, ಯಾವುದೂ ಖಚಿತವಲ್ಲ. ಅದರ ಅರ್ಥವನ್ನು ಸ್ಪಷ್ಟವಾಗಿ ವಿವರಿಸಿದ ಮೊದಲ ಮುದ್ರಿತ ಬರಹ ಮಾತ್ರ ಸಿಕ್ಕಿದೆ. 1806ರ ಮೇ 13ರಂದು ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯಲ್ಲಿ, ಓದುಗನೊಬ್ಬನ ಪ್ರಶ್ನೆಗೆ ಉತ್ತರವಾಗಿ ಅದು ಪ್ರಕಟವಾಯಿತು. ಯಾವುದಾದರೊಂದು ಮದ್ಯ, ಸಕ್ಕರೆ, ನೀರು ಮತ್ತು ‘ಬಿಟರ್ಸ್’ ಎಂಬ ಕಹಿ ಸಾರ ಸೇರಿದ್ದೇ ಕಾಕ್‌ಟೇಲ್ ಎಂಬುದು ಸಂಪಾದಕರ ಉತ್ತರದ ತಾತ್ಪರ್ಯ.

ಅದೇ 1806ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬಾತ ಮಂಜುಗಡ್ಡೆಯನ್ನು ಹಡಗಿನಲ್ಲಿ ಹೊರದೇಶಕ್ಕೆ ಕಳಿಸಿ ಜನರ ನಗೆಗೆ ಗುರಿಯಾದ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಕತ್ತರಿಸಿ ತೆಗೆದ ಮಂಜುಗಡ್ಡೆ ಅದು. ಕಡೆಗೆ ಅದೇ ವ್ಯಾಪಾರದಿಂದ ಅವನು ಶ್ರೀಮಂತನಾದ. 1833ರಲ್ಲಿ ಸುಮಾರು 180 ಟನ್ ಮಂಜುಗಡ್ಡೆ ಹೊತ್ತು ಹೊರಟ ಅವನ ಹಡಗು ನಾಲ್ಕು ತಿಂಗಳ ಬಳಿಕ ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಮದ್ರಾಸಿನ ಕಡಲ ತೀರದ ‘ಐಸ್ ಹೌಸ್’ ಆ ವ್ಯಾಪಾರದ ಕುರುಹು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ಕಟ್ಟಡ ಇಂದು ಅವರ ಹೆಸರಿನಲ್ಲಿಯೇ ಇದೆ. ಹೀಗೆ ಬೇಸಿಗೆಯಲ್ಲೂ ಐಸ್ ಸಿಗುವಂತಾದ ಮೇಲೆಯೇ ಕಾಕ್‌ಟೇಲ್ ಇಂದಿನ ರೂಪಕ್ಕೆ ಬಂದದ್ದು. 1862ರಲ್ಲಿ ಜೆರ್ರಿ ಥಾಮಸ್ ಎಂಬ ಬಾರಿನ ನುರಿತ ಕೆಲಸಗಾರ ಮಿಶ್ರಪಾನೀಯಗಳ ಕೈಪಿಡಿಯನ್ನೇ ಪ್ರಕಟಿಸಿದ.

ಸಲೂನಿನ ಬಾಗಿಲಲ್ಲಿ ಹೆಂಗಸರು

ಇಷ್ಟೆಲ್ಲ ನಡೆಯುತ್ತಿದ್ದುದು ಮನೆಯಲ್ಲಲ್ಲ, ಸಲೂನಿನಲ್ಲಿ. ನಮ್ಮ ಊರಿನ ಸಲೂನಿನಲ್ಲಿ ಕ್ಷೌರ ಮಾಡುತ್ತಾರೆ. ಅಮೆರಿಕದ ಸಲೂನ್ ಎಂದರೆ ಪಡಖಾನೆ. ಅದು ಗಂಡಸರ ಸಾಮ್ರಾಜ್ಯ. ಮಾನಸ್ಥ ಮನೆತನದ ಹೆಣ್ಣುಮಗಳು ಅಲ್ಲಿಗೆ ಕಾಲಿಡುವಂತಿರಲಿಲ್ಲ. ವಾರದ ಕೂಲಿ ಕೈಗೆ ಬಿದ್ದ ದಿನ ಗಂಡಸರು ಅಲ್ಲಿ ಸೇರುತ್ತಿದ್ದರು. ಹಣ ಮನೆಗೆ ತಲಪುವ ಮೊದಲೇ ಕರಗುತ್ತಿತ್ತು. ಓಟಿಲ್ಲದ, ಬೇರೆ ಆದಾಯವಿಲ್ಲದ ಹೆಂಡತಿಗೆ ಕೇಳುವ ದಾರಿ ಇರಲಿಲ್ಲ. ನಮ್ಮ ಹಳ್ಳಿಗಳ ಕಥೆಗೂ ಇದಕ್ಕೂ ಊರಿನ ಹೆಸರಷ್ಟೇ ವ್ಯತ್ಯಾಸ.

1873ರ ಕೊನೆಯಲ್ಲಿ ಒಹಾಯೋ ರಾಜ್ಯದ ಸಣ್ಣ ಊರುಗಳ ಹೆಂಗಸರು ಗುಂಪುಗೂಡಿ ಸಲೂನುಗಳ ಮುಂದೆ ಮಂಡಿಯೂರಿ ಪ್ರಾರ್ಥಿಸತೊಡಗಿದರು. 1874ರಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ಪಾನವಿರೋಧಿ ಕ್ರೈಸ್ತ ಮಹಿಳೆಯರ ರಾಷ್ಟ್ರೀಯ ಸಂಘಟನೆ ಹುಟ್ಟಿತು. ಕುಡುಕ ಗಂಡನನ್ನು ಕಳೆದುಕೊಂಡಿದ್ದ ಕ್ಯಾರಿ ನೇಷನ್ ಎಂಬಾಕೆ 1900ರಿಂದ ಕಾನ್ಸಾಸ್ ರಾಜ್ಯದಲ್ಲಿ ಕೈಗೊಡಲಿ ಹಿಡಿದು ಸಲೂನುಗಳನ್ನು ಒಡೆಯುತ್ತ ಹೋದಳು. ಈ ಸಿಟ್ಟಿನ ಹಿಂದೆ ಧರ್ಮಶ್ರದ್ಧೆಯಿತ್ತು. ಅದಕ್ಕಿಂತ ಹೆಚ್ಚಾಗಿ ಮನೆಯನ್ನು ಉಳಿಸಿಕೊಳ್ಳುವ ಹಟವಿತ್ತು. ಇತರ ಸಂಘಟನೆಗಳೂ ರಾಜಕೀಯ ಬಲವೂ ಕೂಡಿಬಂದು, ಅಮೆರಿಕದ ಸಂವಿಧಾನಕ್ಕೆ 18ನೇ ತಿದ್ದುಪಡಿಯಾಯಿತು. 1920ರ ಜನವರಿ 17ರಿಂದ ಇಡೀ ದೇಶದಲ್ಲಿ ಪಾನನಿಷೇಧ ಜಾರಿಗೆ ಬಂತು.

ಬಾಗಿಲು ಮುಚ್ಚಿತು, ಮನೆ ತೆರೆಯಿತು

ಆ ಕಾನೂನಿನಲ್ಲಿ ಒಂದು ಸೂಕ್ಷ್ಮವಿತ್ತು. ಮದ್ಯ ತಯಾರಿಸುವುದು, ಮಾರುವುದು, ಸಾಗಿಸುವುದು ಅಪರಾಧ. ಕುಡಿಯುವುದು ಅಪರಾಧವಲ್ಲ. ನಿಷೇಧಕ್ಕೆ ಮೊದಲೇ ಕೊಂಡಿಟ್ಟ ಮದ್ಯವನ್ನು ಸ್ವಂತ ಮನೆಯಲ್ಲಿ ಮನೆಯವರೂ ನೆಂಟರೂ ಕುಡಿಯಬಹುದಿತ್ತು. ಹೀಗಾಗಿ ಸಲೂನ್ ಮುಚ್ಚಿದಾಗ ಪಾನ ನಿಲ್ಲಲಿಲ್ಲ. ಅದರ ಬಹುಪಾಲು ಸ್ಥಳ ಬದಲಾಯಿಸಿತು. ಒಂದು ಭಾಗ ಕದ್ದು ನಡೆಸುವ ಗುಪ್ತ ಬಾರುಗಳಿಗೆ ಹೋಯಿತು. ಹಳೆಯ ಸಲೂನಿನ ಕಟ್ಟುಪಾಡುಗಳಿಲ್ಲದ ಅಲ್ಲಿ ಹೆಂಗಸರೂ ಕೂತರು. ಇನ್ನೊಂದು ಭಾಗ ಮನೆಯ ನಡುಮನೆಗೆ ಬಂತು. ಊಟಕ್ಕೆ ಮೊದಲು ಗೆಳೆಯರನ್ನು, ಅವರ ಹೆಂಡಿರನ್ನು ಕರೆದು ಒಂದೊಂದು ಲೋಟ ಕೊಡುವ ವಾಡಿಕೆ ಬೆಳೆಯಿತು. ಬಾರಿನವನ ಕೈಯಲ್ಲಿದ್ದ, ಮುಚ್ಚಳ ಹಾಕಿ ಕುಲುಕುವ ‘ಶೇಕರ್’ ಪಾತ್ರೆ ಮನೆಯ ಷೋಕೇಸಿಗೆ ಬಂತು. 1930ರ ದಶಕದಲ್ಲಂತೂ ಅದು ಮದುವೆಗೆ ಕೊಡುವ ಉಡುಗೊರೆ.

ಈ ಕಥೆಗೆ ಕರಾಳ ಮುಖವೂ ಇದೆ. ಕಳ್ಳ ಮದ್ಯದಲ್ಲಿ ವಿಷ ಬೆರೆತಿರುತ್ತಿತ್ತು. ಕೈಗಾರಿಕೆಗೆಂದು ಮೆಥನಾಲ್ ಸೇರಿಸಿದ ಮದ್ಯಸಾರವನ್ನು ಕದ್ದು ಮಾರಿದ್ದರಿಂದ ಅನೇಕರು ಸತ್ತರು, ಅನೇಕರು ಕಣ್ಣು ಕಳೆದುಕೊಂಡರು. ನಮ್ಮಲ್ಲಿ ಕಳ್ಳಬಟ್ಟಿ ದುರಂತಗಳನ್ನು ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನಿಷೇಧವನ್ನು ತಂದ ಚಳವಳಿಯಲ್ಲಿ ಹೆಂಗಸರಿದ್ದಂತೆ, ಅದನ್ನು ತೆಗೆದುಹಾಕಿದ ಚಳವಳಿಯಲ್ಲಿಯೂ ಇದ್ದರು. ಪಾಲಿನ್ ಸೇಬಿನ್ ಎಂಬ ನ್ಯೂಯಾರ್ಕಿನ ಶ್ರೀಮಂತ ಮಹಿಳೆ ಮೊದಲು ತನ್ನ ಮಕ್ಕಳ ಒಳಿತಿಗೆಂದು ನಿಷೇಧವನ್ನು ಬೆಂಬಲಿಸಿದ್ದಳು. ಕಾನೂನನ್ನು ಎಲ್ಲರೂ ಕಣ್ಣೆದುರೇ ಮುರಿಯುವ ದೇಶದಲ್ಲಿ ಮಕ್ಕಳು ಯಾವ ಕಾನೂನನ್ನೂ ಗೌರವಿಸಲಾರರೆಂದು ಆಮೇಲೆ ಅವಳಿಗೆ ಅನ್ನಿಸಿತು. 1929ರಲ್ಲಿ ಅವಳು ಕಟ್ಟಿದ ಮಹಿಳಾ ಸಂಘ ಕೆಲವೇ ವರ್ಷಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಸದಸ್ಯೆಯರಿದ್ದಾರೆಂದು ಹೇಳಿಕೊಂಡಿತು. 1933ರ ಡಿಸೆಂಬರ್ 5ರಂದು ನಿಷೇಧ ರದ್ದಾಯಿತು. ಕೊಡಲಿ ಹಿಡಿದ ಕ್ಯಾರಿ ನೇಷನ್ ಮತ್ತು ಸಹಿ ಸಂಗ್ರಹಿಸಿದ ಪಾಲಿನ್ ಸೇಬಿನ್ ಎದುರು ಬದುರು ನಿಂತವರಂತೆ ಕಂಡರೂ ಇಬ್ಬರೂ ವಾದಿಸಿದ್ದು ಮನೆಯ ಪರವಾಗಿಯೇ.

ಮಾರನೆಯ ವರ್ಷ, 1934ರಲ್ಲಿ, ‘ದಿ ಥಿನ್ ಮ್ಯಾನ್’ ಎಂಬ ಹಾಲಿವುಡ್ ಚಿತ್ರ ಬಂತು. ವಿಲಿಯಂ ಪೊವೆಲ್ ಮತ್ತು ಮಿರ್ನಾ ಲಾಯ್ ನಟಿಸಿದ ನಿಕ್ ಮತ್ತು ನೋರಾ ಎಂಬ ದಂಪತಿ ಅದರ ನಾಯಕ ನಾಯಕಿ. ತಡವಾಗಿ ಬಂದ ನೋರಾ, ಗಂಡ ಆಗಲೇ ಎಷ್ಟು ಕುಡಿದನೆಂದು ವಿಚಾರಿಸುತ್ತಾಳೆ. ಅವನ ಕೈಲಿರುವುದು ಆರನೆಯದೆಂದು ತಿಳಿದೊಡನೆ ತನ್ನ ಮುಂದೆ ಉಳಿದ ಐದನ್ನು ಸಾಲಾಗಿ ಇಡುವಂತೆ ಹೇಳುತ್ತಾಳೆ. ಇಂದಿನ ವೈದ್ಯರು ಒಪ್ಪುವ ಲೆಕ್ಕವಲ್ಲ ಅದು. ಆದರೆ ಪ್ರೇಕ್ಷಕರಿಗೆ ಕಂಡದ್ದು ಇನ್ನೊಂದು: ಬಾಗಿಲಲ್ಲಿ ಕಾಯುತ್ತಿದ್ದ ಹೆಂಡತಿ ಈಗ ಅದೇ ಮೇಜಿನಲ್ಲಿ ಸಮಕ್ಕೆ ಸಮ ಕೂತಿದ್ದಾಳೆ, ಮಾತಿನಲ್ಲಿ ಗಂಡನಿಗಿಂತ ಒಂದು ಕೈ ಮೇಲಾಗಿದ್ದಾಳೆ. ಆ ಕಾಲದ ಚಿಕ್ಕ, ದುಂಡು ಬಾಯಿಯ ಲೋಟಕ್ಕೆ ಈಗ ‘ನಿಕ್ ಅಂಡ್ ನೋರಾ’ ಎಂದೇ ಹೆಸರು. ಮನೆಯಲ್ಲಿ ಇಬ್ಬರೇ ಕೂತು ಕಾಕ್‌ಟೇಲ್ ಬೆರೆಸುವುದು ಪ್ರಣಯದ ಲಕ್ಷಣವೆನಿಸಿದ್ದು ಇಂಥ ಚಿತ್ರಗಳಿಂದ.

ಜೇನು, ನಿಂಬೆ, ಜಿನ್

ಹಾಗಾದರೆ ಇಬ್ಬರು ಮನೆಯಲ್ಲಿ ಏನು ಬೆರೆಸಬೇಕು? ಹತ್ತು ಬಾಟಲಿ ಕೊಳ್ಳಬೇಕಿಲ್ಲ. ಆ ನಿಷೇಧದ ಕಾಲದ್ದೆಂದು ಹೆಸರಾದ ‘ಬೀಸ್ ನೀಸ್’ ಎಂಬ ಪಾನೀಯವೊಂದನ್ನು ನೋಡಿದರೆ ಇಡೀ ವಿದ್ಯೆಯ ಮರ್ಮ ತಿಳಿಯುತ್ತದೆ. ಹೆಸರಿನ ಅರ್ಥ ಜೇನುನೊಣದ ಮೊಣಕಾಲು. ಅಂದಿನ ಅಮೆರಿಕದ ಆಡುಮಾತಿನಲ್ಲಿ ‘ಬಲು ಸೊಗಸು’ ಎಂಬುದಕ್ಕೆ ಹಾಗೆನ್ನುತ್ತಿದ್ದರು. ಬೇಕಾದದ್ದು ಮೂರೇ ವಸ್ತು: ಜಿನ್, ನಿಂಬೆರಸ, ಜೇನು. ಒರಟು ಜಿನ್ನಿನ ಕಮಟನ್ನು ಜೇನು ಮುಚ್ಚುತ್ತಿತ್ತೆಂದು ಹೇಳುತ್ತಾರೆ.

ಇಬ್ಬರಿಗೆ ಜಿನ್ 90 ಮಿಲಿಲೀಟರ್, ನಿಂಬೆರಸ 30, ಜೇನಿನ ಪಾಕ 35. ಕೊಡಗಿನ ಜೇನಾದರೂ ಸರಿ, ಅಂಗಡಿಯ ಜೇನಾದರೂ ಸರಿ, ನೇರವಾಗಿ ಹಾಕಬಾರದು. ಐಸ್ ತಾಕಿದೊಡನೆ ಗಟ್ಟಿಯಾಗಿ ತಳ ಹಿಡಿಯುತ್ತದೆ. ಜೇನಿಗೆ ಸಮಪಾಲು ಬೆಚ್ಚನೆಯ ನೀರು ಸೇರಿಸಿ ಮೊದಲೇ ಕದಡಿ ಆರಿಸಿಡಬೇಕು. ವಿದೇಶಿ ಪುಸ್ತಕಗಳಲ್ಲಿ ಹೇಳುವ ದಪ್ಪ ಹಳದಿ ನಿಂಬೆಗಿಂತ ವಿಜಯಪುರದ ಇಂಡಿ ಕಡೆಯ ನಮ್ಮ ಸಣ್ಣ ಲಿಂಬೆ ಹೆಚ್ಚು ಚುರುಕು. ಆದ್ದರಿಂದ ಅವರ ಅಳತೆಗಿಂತ ಹುಳಿಯನ್ನು ತುಸು ಕಡಿಮೆ ಮಾಡಿದೆ. ರಸವನ್ನು ಆಗಲೇ ಹಿಂಡಿದ್ದರೆ ಮಾತ್ರ ರುಚಿ.

ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ, ಸೋರದ ಸ್ಟೀಲ್ ಡಬ್ಬಿ ಸಾಕು. ಮೂರನ್ನೂ ಹಾಕಿ, ಡಬ್ಬಿಯ ಮುಕ್ಕಾಲು ಭಾಗ ದೊಡ್ಡ ಐಸ್ ತುಂಡುಗಳನ್ನು ತುಂಬಿ, 12ರಿಂದ 15 ಸೆಕೆಂಡು ಬಲವಾಗಿ ಕುಲುಕಬೇಕು. ಚಹಾ ಸೋಸುವ ಜಾಲರಿಯಲ್ಲಿ, ಫ್ರಿಜ್ಜಿನಲ್ಲಿಟ್ಟು ತಣಿಸಿದ ಎರಡು ಸಣ್ಣ ಲೋಟಗಳಿಗೆ ಸೋಸಬೇಕು. ಸೋಡಾ ಸೇರಿಸುವ ಪಾನೀಯವಾದರೆ ಸೋಡಾವನ್ನು ಕೊನೆಗೆ ಲೋಟಕ್ಕೇ ಹಾಕಬೇಕು. ಮುಚ್ಚಿದ ಡಬ್ಬಿಯಲ್ಲಿ ಸೋಡಾ ಕುಲುಕಿದರೆ ಮುಚ್ಚಳ ಹಾರಿ ಸಂಜೆ ಹಾಳು.

ಕುಲುಕುವುದು ಬರಿಯ ಆಡಂಬರವಲ್ಲ. ಪಾನೀಯ ತಣಿಯುವುದು ಮುಖ್ಯವಾಗಿ ಐಸ್ ಕರಗುವುದರಿಂದ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖವನ್ನು ಹೀರುತ್ತದೆ. ಕುಲ್ಫಿಯವನು ಮಡಕೆಯೊಳಗಿನ ಐಸಿಗೆ ಉಪ್ಪು ಹಾಕಿ ತಂಪು ಹೆಚ್ಚಿಸುವಂತೆ, ಇಲ್ಲಿ ಮದ್ಯಸಾರ ಮತ್ತು ಸಿಹಿಯಿಂದಾಗಿ ಮಿಶ್ರಣ ಸೊನ್ನೆ ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಕರಗಿದ ನೀರು ಕೊನೆಯ ಲೋಟದ ಸುಮಾರು ಕಾಲು ಭಾಗವಾಗುತ್ತದೆ. ಈ ನೀರು ಕಲಬೆರಕೆಯಲ್ಲ, ಅದೂ ಒಂದು ಪದಾರ್ಥವೇ. ಅದಿಲ್ಲದಿದ್ದರೆ ಗಂಟಲು ಉರಿಯುತ್ತದೆ. ಹಣ್ಣಿನ ರಸ, ಮೊಟ್ಟೆ, ಕೆನೆ ಇದ್ದರೆ ಕುಲುಕುವುದು, ಬರೀ ಮದ್ಯಗಳ ಬೆರಕೆಯಾದರೆ ಚಮಚದಿಂದ ಕದಡುವುದು ರೂಢಿ.

ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಈ ಕೆಲಸದಲ್ಲಿ ಹೆಸರು ಮಾಡಿದವಳು ಏಡಾ ಕೋಲ್ಮನ್ ಎಂಬ ಹೆಣ್ಣುಮಗಳು. 1903ರಿಂದ 1926ರವರೆಗೆ ಅಲ್ಲಿ ದುಡಿದು, ಮುಖ್ಯಸ್ಥಳಾಗಿ, ಇಂದಿಗೂ ಬಳಕೆಯಲ್ಲಿರುವ ‘ಹ್ಯಾಂಕಿ ಪ್ಯಾಂಕಿ’ ಎಂಬ ಕಾಕ್‌ಟೇಲನ್ನು ನಟನೊಬ್ಬನಿಗಾಗಿ ಕಂಡುಹಿಡಿದಳು. ಬೆರೆಸುವುದು ಗಂಡಸಿನ ಕೆಲಸ, ಸ್ವೀಕರಿಸುವುದು ಹೆಂಗಸಿನ ಕೆಲಸ ಎಂದುಕೊಂಡವರು ಅವಳನ್ನು ನೆನೆಯಬೇಕು.

ಅಳತೆ ಎಂಬ ಮರ್ಯಾದೆ

ಈ ಪಾನೀಯಗಳ ಸೊಗಸಿನಲ್ಲೇ ಅಪಾಯವೂ ಇದೆ. ಸಿಹಿ ಮತ್ತು ಹುಳಿ ಸೇರಿ ಮದ್ಯದ ಖಾರವನ್ನು ಮರೆಮಾಡುತ್ತವೆ. ನಾಲಿಗೆಗೆ ಅದು ಷರಬತ್ತು, ರಕ್ತಕ್ಕೆ ಅಲ್ಲ. ನಮ್ಮ ದೇಶದ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇಕಡ 42.8 ಎಂದು ಬರೆದಿರುತ್ತದೆ. 60 ಮಿಲಿಲೀಟರಿನ ದೊಡ್ಡ ಪೆಗ್ಗಿನಲ್ಲಿ ಸುಮಾರು 20 ಗ್ರಾಂ, ಮೇಲಿನ ಲೆಕ್ಕದ ಒಂದು ಲೋಟದಲ್ಲಿ ಸುಮಾರು 15 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಎಷ್ಟೇ ಕಡಿಮೆ ಕುಡಿದರೂ ಪೂರ್ತಿ ನಿರಪಾಯವೆನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಒಂದಕ್ಕೆ ನಿಲ್ಲಿಸುವುದು ಜಾಣತನ. ಕುಡಿದ ಮೇಲೆ ವಾಹನದ ಕೀಲಿ ಮುಟ್ಟಬಾರದು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಎದುರಿನವರ ಮನಸ್ಸನ್ನು ಸಡಿಲಿಸಲೆಂದು ಅವರಿಗೆ ತಿಳಿಯದಂತೆ ಹೆಚ್ಚು ಸುರಿಯುವುದು ಪ್ರಣಯವಲ್ಲ, ಮೋಸ. ಮನೆಯಲ್ಲಿ ಇಬ್ಬರೂ ಸೇರಿ ಬೆರೆಸುವುದರ ನಿಜವಾದ ಬೆಲೆ ಇರುವುದು ಇಲ್ಲಿಯೇ. ಅಳತೆ ಇಬ್ಬರ ಕಣ್ಣೆದುರಿಗೇ ಆಗುತ್ತದೆ. ಬೇಡ ಎನ್ನುವ ಸ್ವಾತಂತ್ರ್ಯ ಇಬ್ಬರಿಗೂ ಇರುತ್ತದೆ.

ಬೇಡ ಎಂದವರಿಗೂ ದಾರಿಯಿದೆ. ಜಿನ್ನಿಗೆ ಘಮ ಕೊಡುವುದು ಮೊದಲು ಜುನಿಪರ್ ಎಂಬ ಕಾಯಿ. ಅದರ ನಂತರದ ಸ್ಥಾನ ನಮ್ಮ ಅಡುಗೆಮನೆಯ ಕೊತ್ತಂಬರಿ ಬೀಜದ್ದು. ಒಂದು ಚಮಚ ಕೊತ್ತಂಬರಿ ಬೀಜ, ಎರಡು ಏಲಕ್ಕಿ, ನಿಂಬೆ ಸಿಪ್ಪೆಯ ಹೊರಪದರದ ಒಂದು ಚೂರು, ಇವನ್ನು ಜಜ್ಜಿ ಒಂದು ಲೋಟ ಕುದಿನೀರಿನಲ್ಲಿ ಹತ್ತು ನಿಮಿಷ ಮುಚ್ಚಿಟ್ಟು ಸೋಸಿ ತಣಿಸಬೇಕು. ಜಿನ್ನಿನ ಬದಲು ಅಷ್ಟೇ ಅಳತೆಯಲ್ಲಿ ಇದನ್ನು ಹಾಕಿ, ಜೇನು ನಿಂಬೆಯೊಡನೆ ಹಾಗೆಯೇ ಕುಲುಕಿದರೆ ಲೋಟದ ಮೇಲೆ ಅದೇ ತೆಳುನೊರೆ, ಅದೇ ತಂಪು. ಪಂಚ್ ಮತ್ತೆ ಪಾನಕವಾಗಿ ತವರಿಗೆ ಬಂದಂತೆ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತದ ಬಿಸಿ ತಾಗಿದ ಮನೆಗಳು ಇಂದಿಗೂ ನಮ್ಮ ಸುತ್ತ ಇವೆ. ಅಂಥ ಮನೆಯಲ್ಲಿ ಬೆಳೆದವರಿಗೆ ಈ ಲೇಖನದ ವಿಷಯವೇ ಕಹಿಯಾಗಿ ಕಂಡರೆ ತಪ್ಪಿಲ್ಲ. ಒಹಾಯೋದಲ್ಲಿ ಮಂಡಿಯೂರಿದ ಹೆಂಗಸರ ಕಹಿಯೂ ಅದೇ ಆಗಿತ್ತು. ಅವರು ಬಯಸಿದ್ದು ಗಂಡ ಸಂಜೆಗೆ ಮನೆಗೆ ಬರಲಿ, ಎದುರು ಕೂತು ಮಾತಾಡಲಿ ಎಂಬಷ್ಟನ್ನೇ. ಶನಿವಾರದ ಸಂಜೆ ಇಬ್ಬರ ನಡುವೆ ಎರಡು ಸಣ್ಣ ಲೋಟಗಳಿದ್ದು, ಮಾತು ಅವುಗಳಿಗಿಂತ ಹೆಚ್ಚು ಹೊತ್ತು ಉಳಿದರೆ ಆ ಬಯಕೆ ಈಡೇರಿದಂತೆ. ಲೋಟದಲ್ಲಿ ಜಿನ್ ಇತ್ತೋ ಕೊತ್ತಂಬರಿ ನೀರಿತ್ತೋ ಎಂಬುದು ಆಮೇಲಿನ ಮಾತು.